ಆರು ಪದಕ್ಕೆ ಬಿದ್ದ ಸರ್ಕಾರ: 'ಡಾಕ್ಟರ್ ಹೂ' ಕ್ರಿಸ್ಮಸ್ ಎಪಿಸೋಡಿನ ರಾಜಕೀಯ

ಒಬ್ಬ ಪ್ರಧಾನಿಯನ್ನು ಕೆಳಗಿಳಿಸೋಕೆ ಎಷ್ಟು ಮತ ಬೇಕು? ಬ್ರಿಟನ್ನಿನಲ್ಲಿ ಒಮ್ಮೆ ಒಂದೇ ಮತದ ಅಂತರ ಸಾಕಾಗಿತ್ತು. 1979ರ ಮಾರ್ಚ್ 28ರಂದು ಜೇಮ್ಸ್ ಕ್ಯಾಲಹನ್ ಸರ್ಕಾರದ ಮೇಲಿನ ಅವಿಶ್ವಾಸ ನಿರ್ಣಯ 311–310ರಲ್ಲಿ ಗೆದ್ದಿತು, ಸರ್ಕಾರ ಬಿತ್ತು. 2005ರ ಡಿಸೆಂಬರ್ 25ರಂದು ಬಿಬಿಸಿ ಒನ್‌ನಲ್ಲಿ ಪ್ರಸಾರವಾದ ಕಥೆಯಲ್ಲಿ ಮಾತ್ರ ಆ ಕೆಲಸ ಶುರುವಾಗಿದ್ದು ಮತದಿಂದಲ್ಲ, ಪ್ರಧಾನಿಯ ಸಹಾಯಕನ ಕಿವಿಯಲ್ಲಿ ಪಿಸುಗುಟ್ಟಿದ ಆರು ಪದಗಳಿಂದ.

ಆ ಎಪಿಸೋಡಿನ ಹೆಸರು 'ದಿ ಕ್ರಿಸ್ಮಸ್ ಇನ್ವೇಷನ್'. 'ಡಾಕ್ಟರ್ ಹೂ' ಸರಣಿಯ ಮೊದಲ ಪೂರ್ಣ ಪ್ರಮಾಣದ ಕ್ರಿಸ್ಮಸ್ ವಿಶೇಷ ಕಂತು. ಬರೆದವರು ರಸೆಲ್ ಟಿ ಡೇವೀಸ್, ನಿರ್ದೇಶನ ಜೇಮ್ಸ್ ಹಾಸ್. ಒಂದು ಗಂಟೆಯ ಈ ಕಂತನ್ನು ಬ್ರಿಟನ್ನಿನಲ್ಲಿ ಸುಮಾರು 98 ಲಕ್ಷ ಜನ ನೋಡಿದರು. ಹಬ್ಬದೂಟ ಮುಗಿಸಿ ಮಕ್ಕಳು ಮರಿ ಅಜ್ಜಿ ತಾತ ಒಟ್ಟಿಗೆ ಕೂತು ನೋಡುವ ಹೊತ್ತು ಅದು. ಅಂಥ ಹೊತ್ತಿನಲ್ಲಿ ಒಂದು ಯುದ್ಧಾಪರಾಧ ಮತ್ತು ಒಂದು ಕ್ಷಿಪ್ರಕ್ರಾಂತಿ ತೋರಿಸಿದರು ಅನ್ನೋದು ನನಗೆ ಇವತ್ತಿಗೂ ಅಚ್ಚರಿ. ಕ್ಷಿಪ್ರಕ್ರಾಂತಿ ಅನ್ನುವ ಪದವನ್ನು ಬೇಕಂತಲೇ ಬಳಸುತ್ತಿದ್ದೇನೆ, ಯಾಕೆ ಅಂತ ಮುಂದೆ ಹೇಳ್ತೀನಿ.

ಸರಣಿ ಗೊತ್ತಿಲ್ಲದವರಿಗೆ ಎರಡು ಮಾತು. 1963ರ ನವೆಂಬರ್ 23ರಂದು ಶುರುವಾಗಿ, 1989ರಲ್ಲಿ ನಿಂತು, 2005ರ ಮಾರ್ಚ್‌ನಲ್ಲಿ ಮತ್ತೆ ಬಂದ ಧಾರಾವಾಹಿ ಇದು. ಡಾಕ್ಟರ್ ಎಂಬ ಹೆಸರಿನ, ಮನುಷ್ಯನಂತೆ ಕಾಣುವ ಅನ್ಯಗ್ರಹದವನು ಕಾಲದಲ್ಲೂ ದೇಶದಲ್ಲೂ ಓಡಾಡುತ್ತಾನೆ. ಅವನ ವಾಹನ ಟಾರ್ಡಿಸ್ ಹೊರಗಿನಿಂದ ನೀಲಿ ಬಣ್ಣದ ಹಳೇ ಪೊಲೀಸ್ ಪೆಟ್ಟಿಗೆ, ಒಳಗೆ ಅರಮನೆಯಷ್ಟು ದೊಡ್ಡದು. ಸಾಯುವ ಸ್ಥಿತಿ ಬಂದಾಗ ಅವನ ದೇಹ ಪೂರ್ತಿ ಬದಲಾಗುತ್ತೆ, ಅಂದರೆ ಹೊಸ ನಟ ಬರುತ್ತಾರೆ. ಸರಣಿ ಇಷ್ಟು ವರ್ಷ ಬದುಕಿರುವುದರ ಗುಟ್ಟೇ ಅದು. 2005ರಲ್ಲಿ ಕ್ರಿಸ್ಟೋಫರ್ ಎಕ್ಲ್‌ಸ್ಟನ್ ಹದಿಮೂರೇ ಎಪಿಸೋಡ್ ಮಾಡಿ ಹೊರಟರು. ಡೇವಿಡ್ ಟೆನೆಂಟ್ ಹತ್ತನೇ ಡಾಕ್ಟರ್ ಆಗಿ ಪೂರ್ತಿಯಾಗಿ ಕಾಣಿಸಿಕೊಂಡ ಮೊದಲ ಕಥೆ ಈ ಕ್ರಿಸ್ಮಸ್ ಕಂತು. ಇದಕ್ಕೂ ಮೊದಲು ಕ್ರಿಸ್ಮಸ್ ದಿನ ಈ ಸರಣಿ ಬಂದದ್ದು 1965ರಲ್ಲಿ. ಅದು ವಿಶೇಷ ಕಂತಲ್ಲ, ಒಂದು ದೀರ್ಘ ಕಥೆಯ ನಡುವಿನ ಹಗುರ ಅಧ್ಯಾಯ. ಅದರ ಪ್ರತಿ ಬಿಬಿಸಿ ಬಳಿಯೂ ಉಳಿದಿಲ್ಲ.

ಮೊದಲು ಕಥೆ

ಕ್ರಿಸ್ಮಸ್ ಹಿಂದಿನ ದಿನ ಲಂಡನ್ನಿನ ಒಂದು ಸಾಮಾನ್ಯ ವಸತಿ ಸಮುಚ್ಚಯದ ಅಂಗಳಕ್ಕೆ ಟಾರ್ಡಿಸ್ ಬಂದು ಅಪ್ಪಳಿಸುತ್ತೆ. ಹೊಸ ದೇಹದ ಡಾಕ್ಟರ್ ಎಚ್ಚರ ತಪ್ಪಿ ಬೀಳುತ್ತಾನೆ. ರೋಸ್ ಟೈಲರ್ (ಬಿಲ್ಲಿ ಪೈಪರ್) ಮತ್ತು ಅವಳ ತಾಯಿ ಜಾಕಿ ಅವನನ್ನು ಮನೆಯೊಳಗೆ ಮಲಗಿಸುತ್ತಾರೆ. ಸರಣಿಯ ನಾಯಕ ಕಥೆಯ ಬಹುಪಾಲು ಹೊತ್ತು ಪೈಜಾಮದಲ್ಲಿ ನಿದ್ದೆ ಹೊಡೀತಾನೆ. ಹೊಸ ನಟನನ್ನು ಪರಿಚಯಿಸುವ ಕಂತಿನಲ್ಲಿ ಹೀಗೆ ಮಾಡೋಕೆ ಧೈರ್ಯ ಬೇಕು. ಈ ನಿದ್ದೆಯೇ ಕಥೆಯ ರಾಜಕೀಯದ ಬೇರು ಕೂಡ: ರಕ್ಷಕ ಮಲಗಿದ್ದಾಗ ದೇಶ ನಡೆಸುವವರು ಏನು ಮಾಡಬೇಕು?

ಅದೇ ಹೊತ್ತಿಗೆ ಬ್ರಿಟನ್ ಮಂಗಳ ಗ್ರಹಕ್ಕೆ ಕಳಿಸಿದ 'ಗ್ವಿನವಿಯರ್ ಒನ್' ಎಂಬ ಮಾನವರಹಿತ ನೌಕೆ ಸೈಕೊರಾಕ್ಸ್ ಎಂಬ ಜೀವಿಗಳ ಕೈಗೆ ಸಿಗುತ್ತದೆ. (ಇದಕ್ಕೆ ಎರಡು ವರ್ಷ ಮೊದಲು, 2003ರ ಕ್ರಿಸ್ಮಸ್ ದಿನ, ಬ್ರಿಟನ್ನಿನ ನಿಜವಾದ ಮಂಗಳ ನೌಕೆ 'ಬೀಗಲ್ 2' ಇಳಿಯಬೇಕಿದ್ದ ಹೊತ್ತಿನಲ್ಲಿ ಸದ್ದಿಲ್ಲದೆ ಕಾಣೆಯಾಗಿತ್ತು. ಅಲ್ಲಿನ ವೀಕ್ಷಕರಿಗೆ ಆ ಗಾಯ ಹಸಿಯಾಗಿಯೇ ಇತ್ತು.) ಮಾನವ ಕುಲದ ಗುರುತಿಗೆಂದು ನೌಕೆಯಲ್ಲಿ ಇಟ್ಟಿದ್ದ ವಸ್ತುಗಳಲ್ಲಿ ಎ ಪಾಸಿಟಿವ್ ರಕ್ತದ ಮಾದರಿಯೂ ಇರುತ್ತದೆ. ಆ ಗುಂಪಿನ ರಕ್ತ ಇರುವವರೆಲ್ಲ, ಅಂದರೆ ಕಥೆಯ ಲೆಕ್ಕದಲ್ಲಿ ಮಾನವ ಕುಲದ ಮೂರನೇ ಒಂದು ಭಾಗ, ನಿದ್ದೆಗಣ್ಣಲ್ಲಿ ನಡೆದವರಂತೆ ಕಟ್ಟಡಗಳ ತುದಿಗೆ ಹೋಗಿ ನಿಲ್ಲುತ್ತಾರೆ. ಅರ್ಧ ಜನರನ್ನು ಗುಲಾಮರಾಗಿ ಒಪ್ಪಿಸಿ, ಇಲ್ಲದಿದ್ದರೆ ಇವರೆಲ್ಲ ಹಾರುತ್ತಾರೆ, ಅನ್ನೋದು ಸೈಕೊರಾಕ್ಸ್ ಬೇಡಿಕೆ.

ಪ್ರಧಾನಿ ಹ್ಯಾರಿಯೆಟ್ ಜೋನ್ಸ್ ಸೈಕೊರಾಕ್ಸ್ ನೌಕೆಗೆ ಸೆರೆಯಾಳಾಗಿ ಹೋಗಬೇಕಾಗುತ್ತೆ. ಮಾತುಕತೆಗೆ ಮುಂದಾದ ವಿಜ್ಞಾನಿ ಲೆವೆಲಿನ್ ಮತ್ತು ಸೇನಾಧಿಕಾರಿ ಮೇಜರ್ ಬ್ಲೇಕ್ ಇಬ್ಬರನ್ನೂ ಆಕೆಯ ಕಣ್ಣೆದುರೇ ಕೊಲ್ಲಲಾಗುತ್ತೆ. ಕೊನೆಗೆ ಡಾಕ್ಟರ್ ಎಚ್ಚರಗೊಳ್ಳುತ್ತಾನೆ, ಚೆಲ್ಲಿದ ಚಹಾದ ಆವಿಯಿಂದ! ಇದಕ್ಕಿಂತ ಬ್ರಿಟಿಷ್ ಪರಿಹಾರ ಇನ್ನೊಂದಿಲ್ಲ. ರಕ್ತದ ಬೆದರಿಕೆ ಬರೀ ಬುರುಡೆ, ಯಾರನ್ನೂ ಅವರಾಗಿ ಸಾಯುವಂತೆ ಮಾಡಲಾಗದು ಅಂತ ತೋರಿಸುತ್ತಾನೆ. ಕತ್ತಿ ಕಾಳಗದಲ್ಲಿ ಅವರ ನಾಯಕನನ್ನು ಸೋಲಿಸಿ, ಭೂಮಿ ಬಿಟ್ಟು ಹೋಗುವ ಪ್ರಮಾಣ ಮಾಡಿಸುತ್ತಾನೆ. ನಾಯಕ ಮಾತು ತಪ್ಪಿ ಹಿಂದಿನಿಂದ ನುಗ್ಗಿದಾಗ ಡಾಕ್ಟರ್ ಒಂದು ಕಿತ್ತಳೆ ಹಣ್ಣನ್ನು ಗುಂಡಿಯತ್ತ ಎಸೆದು ಅವನನ್ನು ಕೆಳಕ್ಕೆ ಬೀಳಿಸುತ್ತಾನೆ. ಎರಡನೇ ಅವಕಾಶ ಕೊಡುವ ಜಾಯಮಾನ ನನ್ನದಲ್ಲ ಅನ್ನುತ್ತಾನೆ. ಈ ಮಾತು ನೆನಪಿರಲಿ.

ಸೈಕೊರಾಕ್ಸ್ ಹೊರಟರು. ಬೀದಿಯಲ್ಲಿ ಎಲ್ಲರೂ ಅಪ್ಪಿಕೊಂಡು ಖುಷಿಪಡುತ್ತಿದ್ದಾರೆ. ಆಗ ಸಹಾಯಕ ಅಲೆಕ್ಸ್ ಬಂದು, ಟಾರ್ಚ್‌ವುಡ್ ಸಿದ್ಧವಾಗಿದೆ ಅಂತಾನೆ. ಹ್ಯಾರಿಯೆಟ್ ಒಂದು ಕ್ಷಣ ತಡೆದು ಅಪ್ಪಣೆ ಕೊಡುತ್ತಾಳೆ. ಲಂಡನ್ನಿನ ಬೇರೆ ಬೇರೆ ಕಡೆಯಿಂದ ಹಸಿರು ಕಿರಣಗಳು ಎದ್ದು ಆಕಾಶದಲ್ಲಿ ಒಂದಾಗಿ, ಹಿಂತಿರುಗಿ ಹೋಗುತ್ತಿದ್ದ ನೌಕೆಯನ್ನು ಪುಡಿ ಮಾಡುತ್ತವೆ.

ಹ್ಯಾರಿಯೆಟ್ ಜೋನ್ಸ್ ಯಾರು?

ಆಕೆಯನ್ನು ಖಳನಾಯಕಿ ಅಂದುಕೊಂಡರೆ ಈ ಕಂತು ಕೈಗೆ ಸಿಗೋದೇ ಇಲ್ಲ. ಪೆನಲಪಿ ವಿಲ್ಟನ್ (ಮುಂದೆ 'ಡೌನ್‌ಟನ್ ಅಬ್ಬಿ'ಯ ಇಸಬೆಲ್ ಕ್ರಾಲಿ) ಈ ಪಾತ್ರವನ್ನು ಮೊದಲು ಮಾಡಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ, ಎರಡು ಭಾಗದ ಒಂದು ಕಥೆಯಲ್ಲಿ. ಆಗ ಆಕೆ ಫ್ಲೈಡೇಲ್ ನಾರ್ತ್ ಕ್ಷೇತ್ರದ, ಹಿಂದಿನ ಬೆಂಚಿನ, ಯಾರೂ ಲೆಕ್ಕಕ್ಕಿಡದ ಸಂಸದೆ. ಸಿಕ್ಕವರಿಗೆಲ್ಲ ಗುರುತಿನ ಚೀಟಿ ಹಿಡಿದು ತನ್ನ ಹೆಸರು, ಕ್ಷೇತ್ರ ಹೇಳಿಕೊಳ್ಳುವ ಹೆಂಗಸು. ಆ ಕಥೆಯಲ್ಲಿ ಪ್ರಧಾನಿಯ ಕುರ್ಚಿ ಹಿಡಿದ ಅನ್ಯಗ್ರಹದವರು ನಲವತ್ತೈದು ಸೆಕೆಂಡಿನಲ್ಲಿ ಬಳಸಬಹುದಾದ ಭಯಂಕರ ಶಸ್ತ್ರಗಳ ಸುಳ್ಳು ಹೇಳಿ ಅಣ್ವಸ್ತ್ರ ಬಳಸಲು ಅನುಮತಿ ಕೇಳುತ್ತಾರೆ. ಇರಾಕ್ ಯುದ್ಧಕ್ಕೆ ಮೊದಲು, 2002ರಲ್ಲಿ, ಟೋನಿ ಬ್ಲೇರ್ ಸರ್ಕಾರ ಪ್ರಕಟಿಸಿದ ಕಡತದಲ್ಲಿದ್ದ ನಲವತ್ತೈದು ನಿಮಿಷದ ಹೇಳಿಕೆ ನೆನಪಿರುವವರಿಗೆ ಡೇವೀಸ್ ಯಾರ ಕಾಲೆಳೆಯುತ್ತಿದ್ದಾರೆ ಅಂತ ವಿವರಿಸಬೇಕಿಲ್ಲ.

ಆ ಸುಳ್ಳನ್ನು ಮುರಿಯಲು ಎದ್ದು ನಿಂತವಳು ಹ್ಯಾರಿಯೆಟ್. ತಾವೇ ಸಾಯಬಹುದಾದ ಕ್ಷಿಪಣಿ ದಾಳಿಗೆ, ಆ ಕೋಣೆಯಲ್ಲಿರುವ ಏಕೈಕ ಚುನಾಯಿತ ಪ್ರತಿನಿಧಿ ನಾನು ಎಂಬ ಹಕ್ಕಿನಿಂದ ಅಪ್ಪಣೆ ಕೊಟ್ಟವಳು. ಆ ಕಥೆಯ ಕೊನೆಗೆ ಡಾಕ್ಟರ್ ಅವಳ ಭವಿಷ್ಯ ಹೇಳುತ್ತಾನೆ: ಸತತ ಮೂರು ಅವಧಿಗೆ ಪ್ರಧಾನಿ, ಬ್ರಿಟನ್ನಿನ ಸುವರ್ಣಯುಗದ ಶಿಲ್ಪಿ. ಕ್ರಿಸ್ಮಸ್ ಕಂತಿನಲ್ಲೂ ಆಕೆ ಮೊದಲರ್ಧವಿಡೀ ನಮ್ಮ ಮೆಚ್ಚುಗೆ ಗಳಿಸುತ್ತಾಳೆ. ಅಮೆರಿಕದ ಅಧ್ಯಕ್ಷರು ಪರಿಸ್ಥಿತಿಯನ್ನು ತಮ್ಮ ಕೈಗೆ ತಗೋತಾರಂತೆ ಎಂದಾಗ, ಅವರು ನನ್ನ ಬಾಸ್ ಅಲ್ಲ, ಇದನ್ನು ಯುದ್ಧ ಮಾಡಲು ಬಿಡಲ್ಲ ಅಂತ ಹೇಳಿ ಕಳಿಸುತ್ತಾಳೆ. 2005ರಲ್ಲಿ ಅನೇಕ ಬ್ರಿಟಿಷರು ತಮ್ಮ ಪ್ರಧಾನಿಯ ಬಾಯಲ್ಲಿ ಕೇಳಲು ಹಂಬಲಿಸಿದ ಮಾತದು.

ಅದೇ ಹೆಂಗಸು ಕೊನೆಯ ಹತ್ತು ನಿಮಿಷದಲ್ಲಿ ಬೆನ್ನು ತಿರುಗಿಸಿ ಹೋಗುತ್ತಿರುವವರನ್ನು ಕೊಲ್ಲಿಸುತ್ತಾಳೆ.

ಬೆಲ್ಗ್ರಾನೊ ನೆರಳು

ಹಿಂತಿರುಗುತ್ತಿದ್ದ ಹಡಗು, ಪ್ರಧಾನಿಯ ಅಪ್ಪಣೆ. ಈ ಎರಡನ್ನೂ ಒಟ್ಟಿಗೆ ಕೇಳಿದ ಬ್ರಿಟಿಷ್ ವೀಕ್ಷಕರಿಗೆ ಮಾರ್ಗರೆಟ್ ಥ್ಯಾಚರ್ ನೆನಪಾಗದೆ ಇರಲ್ಲ. 1982ರ ಮೇ 2ರಂದು, ಫಾಕ್‌ಲ್ಯಾಂಡ್ ಯುದ್ಧದ ಹೊತ್ತಲ್ಲಿ, 'ಕಾಂಕರರ್' ಎಂಬ ಬ್ರಿಟಿಷ್ ಜಲಾಂತರ್ಗಾಮಿ ಅರ್ಜೆಂಟೀನಾದ 'ಜನರಲ್ ಬೆಲ್ಗ್ರಾನೊ' ಯುದ್ಧನೌಕೆಯನ್ನು ಮುಳುಗಿಸಿತು. 323 ಜನ ಸತ್ತರು. ಬ್ರಿಟನ್ ತಾನೇ ಘೋಷಿಸಿದ್ದ 200 ಮೈಲಿ ನಿಷೇಧಿತ ವಲಯದ ಹೊರಗೆ ಆ ನೌಕೆ ಇತ್ತು, ದ್ವೀಪಗಳಿಂದ ದೂರ ಸಾಗುತ್ತಿತ್ತು. ಗುಂಡಿಕ್ಕುವ ನಿಯಮ ಬದಲಿಸುವ ತೀರ್ಮಾನ ಆಗಿದ್ದು ಅದೇ ದಿನ ಪ್ರಧಾನಿಯ ಹಳ್ಳಿಮನೆ ಚೆಕರ್ಸ್‌ನಲ್ಲಿ ಕೂತ ಯುದ್ಧ ಸಂಪುಟದಲ್ಲಿ. ಯಾವ ದಿಕ್ಕಿಗೆ ಸಾಗುತ್ತಿತ್ತು ಅನ್ನೋದು ಮುಖ್ಯವಲ್ಲ, ಅದು ನಮ್ಮ ನೌಕಾಪಡೆಗೆ ಅಪಾಯವಾಗಿತ್ತು ಎಂಬುದು ಥ್ಯಾಚರ್ ಸಮರ್ಥನೆ.

ಒಂದು ವರ್ಷದ ನಂತರ, 1983ರ ಮೇ ತಿಂಗಳಲ್ಲಿ, ಚುನಾವಣೆಯ ಮುಂಚೆ ಬಿಬಿಸಿಯ ನೇರ ಪ್ರಸಾರದಲ್ಲಿ ಡಯಾನಾ ಗೌಲ್ಡ್ ಎಂಬ ಶಿಕ್ಷಕಿ ಥ್ಯಾಚರ್ ಅವರನ್ನು ಬಿಡದೆ ಹಿಡಿದುಕೊಂಡರು. ದೂರ ಹೋಗುತ್ತಿದ್ದ ನೌಕೆ ಅಪಾಯ ಹೇಗಾಗುತ್ತೆ, ಹೇಳಿ. ಥ್ಯಾಚರ್ ಜಾರಿಕೊಂಡಷ್ಟೂ ಆಕೆ ದಿಕ್ಕು, ಜಾಗ ಎಲ್ಲ ಉಲ್ಲೇಖಿಸಿ ಮತ್ತೆ ಮತ್ತೆ ಕೇಳಿದರು. ಒಬ್ಬ ನಾಗರಿಕಳು ಪ್ರಧಾನಿಗೆ ಹೀಗೆ ಮುಖಾಮುಖಿ ಕೇಳಿದ ದೃಶ್ಯ ಬ್ರಿಟಿಷ್ ಟಿವಿ ಇತಿಹಾಸದಲ್ಲಿ ಉಳಿದುಹೋಗಿದೆ. ಜೂನ್ 9ರ ಚುನಾವಣೆಯಲ್ಲಿ ಥ್ಯಾಚರ್ ಭಾರೀ ಬಹುಮತದಿಂದ ಗೆದ್ದರು, ಅದು ಬೇರೆ ಮಾತು. ಬೇರೆ ಮಾತು ಅಂದೆ, ಆದರೆ ನಿಜಕ್ಕೂ ಅದೇ ಕಷ್ಟದ ಮಾತು. ಬಹಿರಂಗವಾಗಿ, ಸರಿಯಾಗಿ ಕೇಳಿದ ಪ್ರಶ್ನೆಯಿಂದ ಸರ್ಕಾರ ಅಲ್ಲಾಡಲಿಲ್ಲ.

ಎಪಿಸೋಡಿಗೆ ವಾಪಸ್ ಬರೋಣ. ನೌಕೆ ಸಿಡಿದ ಮೇಲೆ ಡಾಕ್ಟರ್ ಮತ್ತು ಹ್ಯಾರಿಯೆಟ್ ನಡುವೆ ನಡೆಯುವ ವಾಗ್ವಾದ ಎರಡೇ ನಿಮಿಷದ್ದು. ಇಬ್ಬರ ಕಡೆಗೂ ತೂಕ ಇದೆ. ಹ್ಯಾರಿಯೆಟ್ ಹೇಳೋದು ಇಷ್ಟು: ನೀನು ಬರ್ತೀಯ, ಹೋಗ್ತೀಯ. ಇವತ್ತು ನೀನು ಮಲಗಿದ್ದಾಗ ಇಬ್ಬರು ಸತ್ತರು. ಇವರು ವಾಪಸ್ ಹೋಗಿ ಭೂಮಿಯ ಸುದ್ದಿ ಹೇಳ್ತಾರೆ, ಇನ್ನೊಬ್ಬರು ಬರ್ತಾರೆ, ಆಗ ನೀನು ಇರದಿದ್ದರೆ? ನಾನು ಪ್ರತಿನಿಧಿಸುವ ಜನರಿಗಾಗಿ ಮಾಡಿದೆ. ಡಾಕ್ಟರ್ ಉತ್ತರಿಸುತ್ತಾನೆ: ಅದು ಕೊಲೆ. ಓಡಿಹೋಗಿ, ರಾಕ್ಷಸರು ಬರ್ತಿದ್ದಾರೆ, ಅವರ ಹೆಸರು ಮನುಷ್ಯರು ಅಂತ ಸೈಕೊರಾಕ್ಸ್‌ಗೆ ಎಚ್ಚರಿಕೆ ಕೊಡಬೇಕಿತ್ತು ನಾನು.

ಹ್ಯಾರಿಯೆಟ್ ಮಾಡಿದ್ದು ಸಮರ್ಥನೀಯ ಅಂತ ನನಗೆ ಅನ್ನಿಸಲ್ಲ. ಸೋತು, ಪ್ರಮಾಣ ಮಾಡಿ ಹೊರಟ ನೌಕೆಯಲ್ಲಿ ಎಷ್ಟು ಜೀವಗಳಿದ್ದವೋ ಯಾರಿಗೂ ಗೊತ್ತಿಲ್ಲ. ನಾಳೆಯ ಭಯಕ್ಕೆ ಇವತ್ತು ಕೊಲ್ಲುವುದು ಇರಾಕ್‌ನಲ್ಲಿ ಹೇಳಿದ 'ಮುನ್ನೆಚ್ಚರಿಕೆ ಯುದ್ಧ'ದ ತರ್ಕವೇ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಟಾರ್ಚ್‌ವುಡ್ ಯಾವ ಕಡತದಲ್ಲೂ ಇಲ್ಲದ ಸಂಸ್ಥೆ. ಪ್ರಧಾನಿಗೂ ಅದರ ಬಗ್ಗೆ ಗೊತ್ತಿರಬಾರದಂತೆ! ಇರಾಕ್ ಯುದ್ಧ ಎಷ್ಟೇ ಕೆಟ್ಟದ್ದಾದರೂ 2003ರ ಮಾರ್ಚ್ 18ರಂದು ಸಂಸತ್ತಿನಲ್ಲಿ ಮತಕ್ಕೆ ಬಂತು, 412–149. ಯಾರು ಯಾವ ಕಡೆ ಕೈ ಎತ್ತಿದರು ಅಂತ ಇವತ್ತಿಗೂ ದಾಖಲೆ ಇದೆ. ಟಾರ್ಚ್‌ವುಡ್ ಕಿರಣಕ್ಕೆ ಅಂಥ ದಾಖಲೆ ಇಲ್ಲ. ಇಲ್ಲವೇ ಇಲ್ಲ ಅನ್ನಲಾದ ಸಂಸ್ಥೆಯ ಬಗ್ಗೆ ಸದನದಲ್ಲಿ ಪ್ರಶ್ನೆ ಕೇಳೋದು ಹೇಗೆ?

ಪಿಸುಮಾತು

ಡಾಕ್ಟರ್‌ಗೆ ಇಲ್ಲಿ ಒಂದು ದಾರಿ ಇತ್ತು. ಟಾರ್ಚ್‌ವುಡ್ ಇದೆ ಅಂತ ಜಗತ್ತಿಗೆ ಹೇಳಬಹುದಿತ್ತು. ಹೊರಟುಹೋಗುತ್ತಿದ್ದವರನ್ನು ಕೊಂದರು ಅಂತ ಒಬ್ಬ ಪತ್ರಕರ್ತನಿಗಾದರೂ ಹೇಳಬಹುದಿತ್ತು. ಅವನು ಹಾಗೆ ಮಾಡಲ್ಲ. ನಿನ್ನ ಸರ್ಕಾರವನ್ನು ಒಂದೇ ಮಾತಲ್ಲಿ ಬೀಳಿಸಬಲ್ಲೆ ಅಂತಾನೆ. ನೀನು ಎಷ್ಟೇ ದೊಡ್ಡವನಾದರೂ ಅದು ಆಗದ ಕೆಲಸ ಅಂತ ಹ್ಯಾರಿಯೆಟ್ ಹೇಳಿದಾಗ, ಒಂದು ಪದ ಅಲ್ಲ, ಆರು, ಅಂತ ತಿದ್ದಿಕೊಂಡು ಅಲೆಕ್ಸ್ ಬಳಿ ಹೋಗಿ ಅವನ ಕಿವಿಯ ಉಪಕರಣ ತೆಗೆದು ಪಿಸುಗುಡುತ್ತಾನೆ: ಆಕೆ ದಣಿದಂತೆ ಕಾಣ್ತಿಲ್ವಾ?

ಇಂಗ್ಲಿಷಿನಲ್ಲಿ ಆರು ಪದ, ಕನ್ನಡದಲ್ಲಿ ಮೂರೇ ಸಾಕು. ಕೆಲಸ ಎರಡೂ ಕಡೆ ಒಂದೇ.

ಈ ದೃಶ್ಯವನ್ನು ಅಭಿಮಾನಿಗಳು ಡಾಕ್ಟರ್‌ನ ಜಾಣತನ ಅಂತ ಕೊಂಡಾಡುತ್ತಾರೆ. ನನಗೆ ಅದು ಸರಣಿಯ ಅತ್ಯಂತ ಭಯಾನಕ ದೃಶ್ಯಗಳಲ್ಲಿ ಒಂದು. ಆ ವಾಕ್ಯದಲ್ಲಿ ಸುಳ್ಳಿಲ್ಲ, ಆರೋಪ ಇಲ್ಲ, ಪುರಾವೆಯೂ ಬೇಕಿಲ್ಲ. ಬರೀ ಅನುಮಾನದ ಬೀಜ. ಅದೂ ಎಂಥ ಅನುಮಾನ? ಒಬ್ಬ ಹೆಂಗಸಿನ ಮುಖ, ವಯಸ್ಸು, ಶಕ್ತಿಯ ಬಗ್ಗೆ. ಗಂಡಸು ನಾಯಕರಿಗೆ ಇದು ತಟ್ಟಲ್ಲ ಅಂತಲ್ಲ. 2003 ಮತ್ತು 2004ರಲ್ಲಿ ಬ್ಲೇರ್ ಹೃದಯದ ಚಿಕಿತ್ಸೆಗೆ ಆಸ್ಪತ್ರೆಗೆ ಹೋದಾಗ ಅಲ್ಲೂ ಗುಸುಗುಸು ಎದ್ದಿತ್ತು. ಆದರೆ 'ದಣಿದಂತೆ ಕಾಣ್ತಾಳೆ' ಅನ್ನೋದು ಹೆಣ್ಣಿನ ಮೇಲೆ ಬಿದ್ದಾಗ ಅದಕ್ಕೆ ಅಂಟಿಕೊಳ್ಳುವ ಗೋಂದೇ ಬೇರೆ. ಅದಕ್ಕೆ ಉತ್ತರ ಕೊಡಲೂ ಆಗಲ್ಲ. ನಾನು ದಣಿದಿಲ್ಲ ಅಂದಷ್ಟೂ ದಣಿದಂತೆಯೇ ಕಾಣ್ತೀರಿ.

ಕಂತಿನ ಕೊನೆಯಲ್ಲಿ ಅದನ್ನೇ ತೋರಿಸುತ್ತಾರೆ. ರೋಸ್ ಮನೆಯಲ್ಲಿ ಹಬ್ಬದೂಟ. ತಲೆ ಮೇಲೆ ಕಾಗದದ ಕಿರೀಟ ಇಟ್ಟುಕೊಂಡು ಎಲ್ಲರೂ ನಗುತ್ತಿದ್ದಾರೆ. ಮೂಲೆಯ ಟಿವಿಯಲ್ಲಿ ಹ್ಯಾರಿಯೆಟ್ ಪತ್ರಕರ್ತರ ನಡುವೆ ಸಿಕ್ಕಿಬಿದ್ದಿದ್ದಾಳೆ. ನನ್ನ ಆರೋಗ್ಯ ಚೆನ್ನಾಗಿದೆ, ಈ ಸುದ್ದಿ ಎಲ್ಲಿಂದ ಬರ್ತಿದೆಯೋ ಗೊತ್ತಿಲ್ಲ, ಅವಿಶ್ವಾಸ ನಿರ್ಣಯಕ್ಕೆ ಅರ್ಥವೇ ಇಲ್ಲ ಅಂತ ಹೇಳುತ್ತಿದ್ದಾಳೆ. ಡಾಕ್ಟರ್ ಕನ್ನಡಕ ಹಾಕಿಕೊಂಡು ನೋಡುತ್ತಾನೆ. ಆ ಪತ್ರಕರ್ತರು ಏನು ಕೇಳುತ್ತಿದ್ದಾರೆ ಗಮನಿಸಿ. ಆರೋಗ್ಯ. ಸಿಡಿದ ನೌಕೆಯ ಬಗ್ಗೆ ಅಲ್ಲಿ ಒಂದು ಪ್ರಶ್ನೆಯೂ ಇಲ್ಲ. ಶಿಕ್ಷೆ ಆಯಿತು, ಆದರೆ ಅಪರಾಧ ಹೆಸರಿಲ್ಲದೆ ಕಳೆದುಹೋಯಿತು. ಅಪ್ಪಣೆ ಕೊಟ್ಟವಳು ಹೋದಳು, ಗುಂಡು ಹಾರಿಸಿದ ಟಾರ್ಚ್‌ವುಡ್ ಹಾಗೇ ಉಳಿಯಿತು. ಹೊರಗೆ ಬೀಳುತ್ತಿರುವುದು ಹಿಮ ಅಂದುಕೊಂಡು ರೋಸ್ ಖುಷಿಪಡುತ್ತಾಳೆ. ಅದು ಸುಟ್ಟ ನೌಕೆಯ ಬೂದಿ ಅಂತ ಡಾಕ್ಟರ್ ಹೇಳಬೇಕಾಗುತ್ತೆ.

ಕ್ಷಿಪ್ರಕ್ರಾಂತಿ ಅಂದದ್ದು ಇದಕ್ಕೇ. ಈ ಗ್ರಹದವನೇ ಅಲ್ಲದ, ಎಲ್ಲೂ ಮತ ಹಾಕದ, ಯಾರಿಗೂ ಉತ್ತರ ಕೊಡಬೇಕಿಲ್ಲದ ಒಬ್ಬ ವ್ಯಕ್ತಿ ಚುನಾಯಿತ ಸರ್ಕಾರ ಬೀಳಿಸಿದ. ಎರಡನೇ ಅವಕಾಶ ಇಲ್ಲ ಅಂತ ಸೈಕೊರಾಕ್ಸ್ ನಾಯಕನ ವಿಷಯದಲ್ಲಿ ಅಂದವನು ಹ್ಯಾರಿಯೆಟ್‌ಗೂ ಅದನ್ನು ಕೊಡಲಿಲ್ಲ. ಹಾಗಾದರೆ ನೀನೂ ಇನ್ನೊಂದು ಅನ್ಯಗ್ರಹದ ಅಪಾಯವೇನು ಅಂತ ಆಕೆ ಕೇಳುವ ಪ್ರಶ್ನೆಗೆ ಅವನ ಬಳಿ ಉತ್ತರ ಇರಲಿಲ್ಲ, ಬೆದರಿಕೆ ಇತ್ತು.

ನಂತರ ಬಂದವನು

ಒಂದೇ ಕಂತಾಗಿ ನೋಡಿದರೆ ಡೇವೀಸ್ ಡಾಕ್ಟರ್ ಪರ ಇದ್ದಾರೆ ಅನ್ನಿಸುತ್ತೆ. ಮುಂದಿನ ಎರಡೂವರೆ ವರ್ಷ ನೋಡಿದರೆ ಹಾಗನ್ನಿಸಲ್ಲ. 2007ರ ಜೂನ್ 23ರಂದು ಬಂದ 'ದಿ ಸೌಂಡ್ ಆಫ್ ಡ್ರಮ್ಸ್'ನಲ್ಲಿ ಬ್ರಿಟನ್ನಿಗೆ ಹೊಸ ಪ್ರಧಾನಿ: ಹೆರಾಲ್ಡ್ ಸ್ಯಾಕ್ಸನ್. ಅವನು ನಿಜವಾಗಿ ಮಾಸ್ಟರ್, ಡಾಕ್ಟರ್‌ನ ಬದ್ಧವೈರಿ (ಜಾನ್ ಸಿಮ್). ಸ್ಯಾಕ್ಸನ್ ಎಂಬ ವ್ಯಕ್ತಿಯ ಓದು, ಕೆಲಸ, ಪುಸ್ತಕ ಎಲ್ಲ ಕಟ್ಟುಕಥೆ, ಅವನು ಹುಟ್ಟಿಕೊಂಡಿದ್ದೇ ಹ್ಯಾರಿಯೆಟ್ ಜೋನ್ಸ್ ಬಿದ್ದ ಮೇಲೆ ಅಂತ ಪತ್ತೆ ಹಚ್ಚುವವಳು ವಿವಿಯನ್ ರೂಕ್ ಎಂಬ ಪತ್ರಕರ್ತೆ. ಅದನ್ನು ಹೇಳಲು ಅವನ ಹೆಂಡತಿಯ ಬಳಿಗೇ ಹೋಗಿ ಪ್ರಾಣ ಕಳಕೊಳ್ಳುತ್ತಾಳೆ. (ಡೇವೀಸ್‌ಗೆ ಆ ಹೆಸರು ಹಿಡಿಸಿರಬೇಕು. 2019ರ 'ಇಯರ್ಸ್ ಅಂಡ್ ಇಯರ್ಸ್'ನಲ್ಲಿ ಎಮ್ಮಾ ಥಾಂಪ್ಸನ್ ಮಾಡಿದ, ಜನರನ್ನು ಮರುಳು ಮಾಡಿ ಪ್ರಧಾನಿಯಾಗುವ ಪಾತ್ರದ ಹೆಸರೂ ವಿವಿಯನ್ ರೂಕ್.)

ಸ್ಯಾಕ್ಸನ್ ಗೆದ್ದಿದ್ದು ಹೇಗೆ? ಮೊಬೈಲ್ ಜಾಲದ ಉಪಗ್ರಹಗಳ ಮೂಲಕ ಎಲ್ಲರ ಕಿವಿಗೂ ಒಂದು ತಾಳ ಬಿಟ್ಟು. ಅವನ ನೀತಿ ಏನು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ, ಆದರೆ ನಂಬಬೇಕು ಅನ್ನಿಸುತ್ತೆ. ಮೊದಲ ಐಫೋನ್ ಅಂಗಡಿಗೆ ಬಂದದ್ದು ಈ ಕಂತು ಪ್ರಸಾರವಾದ ಆರು ದಿನದ ನಂತರ. ತನ್ನ ಗೆಲುವಿನ ವಾಸನೆ ಹಿಡಿದು ಪಕ್ಷ ಬಿಟ್ಟು ಬಂದವರನ್ನು ಮಂತ್ರಿ ಮಾಡಿ, ಮೊದಲ ಸಂಪುಟ ಸಭೆಯಲ್ಲೇ ಅವರಿಗೆಲ್ಲ ವಿಷಾನಿಲ ಬಿಡುತ್ತಾನೆ. ಪಕ್ಷಾಂತರದ ಬಗ್ಗೆ ಇಷ್ಟು ನೇರವಾದ ವ್ಯಂಗ್ಯ ನಾನು ಬೇರೆಲ್ಲೂ ನೋಡಿಲ್ಲ. ಆಮೇಲೆ ಭೂಮಿಯ ಜನಸಂಖ್ಯೆಯ ಹತ್ತನೇ ಒಂದು ಭಾಗವನ್ನು ಕೊಲ್ಲಿಸುತ್ತಾನೆ. ಪಿಸುಮಾತಿನಿಂದ ಖಾಲಿಯಾದ ಕುರ್ಚಿ, ಅದಕ್ಕಿಂತ ದೊಡ್ಡ ಪಿಸುಮಾತಿನಿಂದ ತುಂಬಿತು.

ಹ್ಯಾರಿಯೆಟ್ ಕೊನೆಯ ಸಲ ಬರೋದು 2008ರ ಜೂನ್ 28ರ 'ದಿ ಸ್ಟೋಲನ್ ಅರ್ತ್'ನಲ್ಲಿ. ಡಾಲೆಕ್‌ಗಳು ಭೂಮಿಯನ್ನೇ ಕದ್ದಿವೆ, ಡಾಕ್ಟರ್ ಎಲ್ಲೂ ಕಾಣ್ತಿಲ್ಲ. ಅಂದರೆ ಕ್ರಿಸ್ಮಸ್ ದಿನ ಆಕೆ ಹೇಳಿದ್ದೇ ಆಗಿದೆ. ಅಧಿಕಾರ ಇಲ್ಲದ ಕಾಲದಲ್ಲಿ ಆಕೆ ಡಾಕ್ಟರ್‌ನ ಸ್ನೇಹಿತರನ್ನೆಲ್ಲ ಜೋಡಿಸುವ ಒಂದು ರಹಸ್ಯ ಸಂಪರ್ಕ ಜಾಲ ಸಿದ್ಧ ಮಾಡಿಟ್ಟಿದ್ದಾಳೆ. ನಿಮ್ಮನ್ನು ಇಳಿಸಿದ್ದು ಅವನೇ ಅಲ್ವಾ ಅಂತ ಕೇಳಿದಾಗ, ನಾನು ಮಾಡಿದ್ದು ತಪ್ಪೇ ಅಂತ ಬಹಳ ಕಾಲ ಯೋಚಿಸಿದೆ, ಆದರೂ ನನ್ನ ತೀರ್ಮಾನಕ್ಕೆ ಬದ್ಧಳು ಅಂತಾಳೆ. ಅದು ನನಗೆ ಒಪ್ಪಿಗೆಯಿಲ್ಲ. ಆದರೆ ತನ್ನನ್ನು ಕೆಡವಿದವನನ್ನು ಕರೆತರಲು ಜೀವ ಪಣಕ್ಕಿಡುವ ಆ ಹೆಂಗಸಿನ ಮುಂದೆ ಡಾಕ್ಟರ್ ನನಗೆ ಸಣ್ಣವನಾಗಿ ಕಾಣ್ತಾನೆ. ಸಂಪರ್ಕದ ಜಾಡು ಹಿಡಿದು ಡಾಲೆಕ್‌ಗಳು ಮನೆಗೆ ನುಗ್ಗುತ್ತವೆ. ಆಕೆ ಎದ್ದು ನಿಂತು ಗುರುತಿನ ಚೀಟಿ ಹಿಡಿಯುತ್ತಾಳೆ: ಹ್ಯಾರಿಯೆಟ್ ಜೋನ್ಸ್, ಮಾಜಿ ಪ್ರಧಾನಿ. ನೀನ್ಯಾರಂತ ನಮಗೆ ಗೊತ್ತು ಅಂತ ಡಾಲೆಕ್‌ಗಳೂ ಹೇಳುತ್ತವೆ. ಅಷ್ಟು ವರ್ಷದ ತಮಾಷೆ ಅಲ್ಲಿಗೆ ಮುಗಿಯುತ್ತೆ.

ನೋಡುವುದಾದರೆ ಕ್ರಿಸ್ಮಸ್ ಕಂತಿನಿಂದಲೇ ಶುರು ಮಾಡಬೇಡಿ. 2005ರ 'ಏಲಿಯನ್ಸ್ ಆಫ್ ಲಂಡನ್', 'ವರ್ಲ್ಡ್ ವಾರ್ ತ್ರೀ' ಮೊದಲು ನೋಡಿ, ಆಕೆ ಯಾರಂತ ತಿಳಿಯಲಿ. ಅನ್ಯಗ್ರಹದವರ ಹೂಸಿನ ಜೋಕುಗಳನ್ನು ಸ್ವಲ್ಪ ಸಹಿಸಿಕೊಳ್ಳಿ. ಆಮೇಲೆ 'ಕ್ರಿಸ್ಮಸ್ ಇನ್ವೇಷನ್', ನಂತರ 'ಸೌಂಡ್ ಆಫ್ ಡ್ರಮ್ಸ್', ಕೊನೆಗೆ 'ಸ್ಟೋಲನ್ ಅರ್ತ್'. ಇನ್ನೂ ಸಮಯ ಇದ್ದರೆ 2009ರ 'ಟಾರ್ಚ್‌ವುಡ್: ಚಿಲ್ಡ್ರನ್ ಆಫ್ ಅರ್ತ್'. ಭೂಮಿಯ ಮಕ್ಕಳಲ್ಲಿ ಶೇ. 10ರಷ್ಟನ್ನು ಒಪ್ಪಿಸಿ ಅಂತ ಅನ್ಯಗ್ರಹದವರು ಕೇಳಿದಾಗ, ಯಾರ ಮಕ್ಕಳನ್ನು ಕೊಡೋಣ ಅಂತ ಬ್ರಿಟಿಷ್ ಸಂಪುಟ ಮೇಜಿನ ಸುತ್ತ ಕೂತು ಚರ್ಚಿಸುವ ಕಥೆ ಅದು. ಫಲಿತಾಂಶ ಕಳಪೆ ಇರುವ ಶಾಲೆಗಳ ಪಟ್ಟಿ ತರಿಸುತ್ತಾರೆ.